ಕೆಂಗಣ್ಣಿನ ಚಕೋರ

ಪೆರ್ವೊಳಲಿನ ರಾಜಬೀದಿಯಲ್ಲಿ ಅಂದು ತೋರಣಗಳಿದ್ದವು, ಜಯಘೋಷವಿರಲಿಲ್ಲ. ಅಂಗಡಿಗಳು ಅರ್ಧವಷ್ಟೇ ತೆರೆದಿದ್ದವು, ಪಟ್ಟದಾನೆ ಮೇವು ಮುಟ್ಟಿರಲಿಲ್ಲ, ಕೋಟೆಯ ಹೆಬ್ಬಾಗಿಲಲ್ಲಿ ಹಳೆಯ ಕಾವಲಿನವರ ಸ್ಥಾನದಲ್ಲಿ ದಂಡನಾಯಕ ಕಾಳಿಂಗರಸನ ಭಟರು ನಿಂತಿದ್ದರು. ತರುಣ ಅರಸ ಇರಿವಮಲ್ಲನಿಗೆ ಕಾಳಿಂಗರಸನು ಸೋದರಮಾವ. ಮಾವನು ಅಳಿಯನನ್ನು ಹೊಗಳಿ ಬರೆಸಿದ ಪ್ರಶಸ್ತಿಕಾವ್ಯದ ವಾಚನ ಅಂದು ಆಸ್ಥಾನದಲ್ಲಿ ನಡೆಯಿತು.

ಕವಿ ನಾಕಿಮಯ್ಯನು ಕಾವ್ಯ ಮುಗಿಯುವವರೆಗೂ ದಂಡನಾಯಕನ ಮನೆಯಲ್ಲೇ ಇದ್ದನು. ಹೆಸರಿಗೆ ಅತಿಥಿ, ಹೊಸ್ತಿಲು ದಾಟಲು ಅಪ್ಪಣೆಯಿರಲಿಲ್ಲ. ವಾಚನಪೀಠದಲ್ಲೂ ಅವನ ಬೆನ್ನ ಹಿಂದೆ ದಂಡನಾಯಕನ ಖಡ್ಗಧಾರಿಗಳಿದ್ದರು.

ಅವನ ಗುರು, ಅರಸನಿಗೂ ವಿದ್ಯೆ ಕಲಿಸಿದ ವೃದ್ಧ ಮಂತ್ರಿ ಮಾದಿಮಯ್ಯನು ಕಣ್ಮುಚ್ಚಿ ಆಲಿಸುತ್ತಿದ್ದನು. ನಗರವರ್ಣನೆಯಲ್ಲಿ ಚಕೋರ ಬಂತು. ಚಂದ್ರನನ್ನು ಕಂಡು ಅದರ ಕಣ್ಣು ಕೆಂಪಾಯಿತು. ವಿರಹವೆಂದು ಸಭೆ ತಲೆದೂಗಿತು. ವಸಂತವರ್ಣನೆಯಲ್ಲಿ ಮತ್ತೆ ಅದೇ ಹಕ್ಕಿ, ಅದೇ ಕೆಂಗಣ್ಣು. ಜಲಕ್ರೀಡೆಯಲ್ಲಿ ಚಂದ್ರನು ಬೆಳ್ಳಿಯ ಬಟ್ಟಲಾದನು, ಬೆಳುದಿಂಗಳು ಹಾಲಾಯಿತು. ಚಕೋರ ಮುಖ ತಿರುಗಿಸಿತು.

ಮಾದಿಮಯ್ಯನು ಕಣ್ತೆರೆದನು. ಬೆಳುದಿಂಗಳನ್ನುಂಡು ಬದುಕುವುದೆಂದು ಸಕಲ ಕವಿಗಳೂ ಬಣ್ಣಿಸುವ ಹಕ್ಕಿಯನ್ನು ಶಿಷ್ಯನು ಪದೇ ಪದೇ ಉಪವಾಸ ಕೆಡವುತ್ತಿದ್ದಾನೆ. ಒಮ್ಮೆ ಬಂದರೆ ಅದು ಅಲಂಕಾರ, ಮರುಕಳಿಸಿದರೆ ಅಭಿಪ್ರಾಯ. ಹಿಂದಿನ ಅರಸರು ಭೋಜನಶಾಲೆಯಲ್ಲಿ ಚಕೋರವನ್ನು ಸಾಕುತ್ತಿದ್ದುದೇಕೆ? ವಿಷವನ್ನು ಕಂಡರೆ ಅದರ ಕಣ್ಣು ಕೆಂಪಾಗುವುದೆಂಬ ನಂಬಿಕೆಯಿಂದ.

ವಾಚನ ಮುಗಿಯಿತು. ಸಂಪ್ರದಾಯದಂತೆ ಕಾವ್ಯ ಬರೆಸಿದವನು ಅರಸನಿಗೆ ಹಾಲು ನೀಡಬೇಕು. ಕಾಳಿಂಗರಸನು ಬೆಳ್ಳಿಯ ಬಟ್ಟಲನ್ನೆತ್ತಿದನು.

“ನಿಲ್ಲಿ. ಕಾವ್ಯದಲ್ಲಿ ದೋಷವಿದೆ,” ಎಂದನು ಮಾದಿಮಯ್ಯ.

ದೋಷವನ್ನೆತ್ತಿದರೆ ಚರ್ಚೆ ಮುಗಿಯುವವರೆಗೆ ಪಾನವಿಲ್ಲ. ವಾದದಲ್ಲಿ ಗೆದ್ದವನಿಗೇ ಬಟ್ಟಲು. ಇದು ಆಸ್ಥಾನದ ಕಟ್ಟಳೆ. ರಣರಂಗದಲ್ಲೇ ಬೆಳೆದ ದಂಡನಾಯಕನಿಗೆ ಅದರ ಉತ್ತರಾರ್ಧ ನೆನಪಿರಲಿಲ್ಲ.

“ಹಲ್ಲು ಉದುರಿದರೂ ಮಂತ್ರಿಗಳ ಬೆತ್ತ ಉದುರಲಿಲ್ಲ!” ಎಂದು ಅವನು ನಕ್ಕನು. “ಏನು ದೋಷ?”

“ಚಕೋರವು ಚಂದ್ರನನ್ನು ಒಲ್ಲೆನೆನ್ನುವುದು ಕವಿಗಳ ಸಂಪ್ರದಾಯಕ್ಕೆ ವಿರುದ್ಧ. ಕಣ್ಣೇಕೆ ಕೆಂಪಾಯಿತು?”

“ಜೊತೆಯಿಲ್ಲದ ಹಕ್ಕಿ ಅತ್ತಿದೆ. ತಮಗೆ ವಯಸ್ಸಾಯಿತು, ಪೂಜ್ಯರೇ; ವಿರಹ ಮರೆತುಹೋಗಿದೆ,” ಎಂದನು ದಂಡನಾಯಕ.

ಸಭೆ ಗೊಳ್ಳೆಂದಿತು. ಮಾದಿಮಯ್ಯನು ಕೈಮುಗಿದನು.

“ಸೋತೆ. ಗೆದ್ದವರಿಗೆ ಬಟ್ಟಲು. ದಂಡನಾಯಕರು ಸ್ವೀಕರಿಸಬೇಕು.”

ನಗು ನಿಂತಿತು.

“ಇಂದು ನನಗೆ ಉಪವಾಸ,” ಎಂದನು ಕಾಳಿಂಗರಸ.

“ಬೆಳಗ್ಗೆ ನಮ್ಮ ಪಂಕ್ತಿಯಲ್ಲೇ ಉಂಡಿರಲ್ಲ, ಮಾವನವರೇ?” ಇರಿವಮಲ್ಲನ ಮುಖ ಬಿಳುಪೇರಿತ್ತು. ಚಕೋರದ ಕಣ್ಣಿನ ಬಗ್ಗೆ ಗುರು ಕಲಿಸಿದ್ದು ಅವನಿಗೂ ನೆನಪಾಗಿತ್ತು.

ಕಾಳಿಂಗರಸನು ಬಟ್ಟಲನ್ನು ನೆಲಕ್ಕೆ ಬಗ್ಗಿಸತೊಡಗಿದನು. ಹಾಲು ಚೆಲ್ಲಿದರೆ ಸಾಕ್ಷ್ಯ ಅಳಿಯುವುದು. ಅರಸನ ಉಪ್ಪುಂಡವರಾದರೂ ಸಾಕ್ಷ್ಯವಿಲ್ಲದೆ ಅವನ ಭಟರು ಅವನ ಮೇಲೆ ಕೈಯೆತ್ತರು. ನಾಕಿಮಯ್ಯನು ಖಡ್ಗಧಾರಿಗಳ ನಡುವಿನಿಂದ ನುಗ್ಗಿ, ಬಟ್ಟಲನ್ನು ಕಸಿದು, ಉಳಿದುದನ್ನು ಕುಡಿದನು.

“ನಾಕಿಮಯ್ಯಾ!”

“ಗುರುಗಳೇ, ತಮಗೆ ಅರ್ಥವಾಯಿತು. ಸಭೆಗೂ ಆಗಬೇಕಲ್ಲ.”

ಅವನ ತುಟಿ ನೀಲಿಗಟ್ಟಿತು, ಮೊಣಕಾಲು ಕುಸಿಯಿತು. ಖಡ್ಗಧಾರಿಗಳು ಪರಸ್ಪರ ನೋಡಿಕೊಂಡರು. ಬಳಿಕ ಖಡ್ಗದ ಮೊನೆಗಳು ಕಾಳಿಂಗರಸನತ್ತ ತಿರುಗಿದವು.

ಇರಿವಮಲ್ಲನು ಸಿಂಹಾಸನದಿಂದಿಳಿದು ನೆಲದ ಮೇಲೆ ಕುಳಿತು ಕವಿಯ ತಲೆಯನ್ನು ತೊಡೆಯ ಮೇಲಿರಿಸಿಕೊಂಡನು. ಸಭಾಮಧ್ಯದಲ್ಲಿ ಅರಸನು ನೆಲದ ಮೇಲೆ ಕೂಡುವುದು ನಿಷಿದ್ಧ. ಯಾರ ತಪ್ಪನ್ನೂ ತಿದ್ದದೆ ಬಿಡದ ಮಾದಿಮಯ್ಯನು ಅಂದು ಏನನ್ನೂ ಹೇಳಲಿಲ್ಲ.