ಅಕ್ಕ ನಿಂತ ಜಾಗ

"ಆ ನಡುಗುರುತಿನ ಮೇಲೆ ಮಾತ್ರ ಕಾಲಿಡಬೇಡ ತಾಯಿ. ಒಂದು ದಿನ ಬಿಡು, ಹೇಗಾದ್ರೂ ಮಾಡಿ ಕಿತ್ತು ತೆಗೀತೀನಿ," ಎಂದ ಬಡಗಿ ಅಜ್ಜ.

ತಂಗಿ ನಕ್ಕಳು. "ಹುಟ್ಟಿದಾಗಿಂದ ಅಕ್ಕ ಬಿಟ್ಟ ಬಟ್ಟೆ ನಂಗೆ, ಅಕ್ಕ ಬಿಟ್ಟ ಪುಸ್ತಕ ನಂಗೆ, ಅಕ್ಕ ಬಿಟ್ಟ ಚಪ್ಪಲಿ ನಂಗೆ. ಯಾವುದೂ ಕಚ್ಚಲಿಲ್ಲ ಅಜ್ಜ. ಈ ಟೇಪು ಕಚ್ಚುತ್ತಾ?"

"ಚಪ್ಪಲಿ ಕಚ್ಚಿದ್ರೆ ಬಿಚ್ಚಿಡಬಹುದು," ಎಂದ ಅಜ್ಜ.

ಹಾಡುವವರು ಎಲ್ಲಿ ನಿಲ್ಲಬೇಕೋ ಅಲ್ಲಿ ರಂಗದ ಹಲಗೆಗೆ ಬಿಳಿ ಟೇಪನ್ನು ಅಡ್ಡಡ್ಡ ಅಂಟಿಸುವುದು ಎಲ್ಲ ನಾಟಕಶಾಲೆಯಲ್ಲೂ ಇದ್ದದ್ದೇ. ಗುರುತಿನ ಮೇಲೆ ನಿಂತರೆ ದೀಪ ಮುಖಕ್ಕೆ ಬೀಳುತ್ತದೆ, ತಪ್ಪಿದರೆ ಕಿವಿಗೆ ಬೀಳುತ್ತದೆ. ಈ ನಾಟಕಶಾಲೆಯಲ್ಲಿ ಅದರ ಜೊತೆಗೆ ಇನ್ನೊಂದು ಪದ್ಧತಿ ಇತ್ತು. ಒಬ್ಬರು ಪಾತ್ರ ಬಿಟ್ಟು ಹೋದರೆ ಅವರ ಗುರುತುಗಳನ್ನೆಲ್ಲ ಕಿತ್ತು, ಹಲಗೆಯನ್ನು ಬಿಸಿನೀರಿನಲ್ಲಿ ಉಜ್ಜಿ, ಒಂದು ದಿನ ಒಣಗಲು ಬಿಡಬೇಕು. ಆಮೇಲೆ ಹೊಸಬರು ಬರಿಗಾಲಲ್ಲಿ ಪಾತ್ರ ನಡೆದು ತೋರಿಸಬೇಕು. ಅವರ ಹೆಜ್ಜೆ ಬಿದ್ದಲ್ಲಿ ಹೊಸ ಗುರುತು. ಒಬ್ಬರು ನಿಂತ ಜಾಗ ಇನ್ನೊಬ್ಬರಿಗೆ ಆಗಿಬರುವುದಿಲ್ಲ ಎನ್ನುವುದು ಅಜ್ಜನ ಮಾತು. ನಲವತ್ತು ವರ್ಷದಲ್ಲಿ ಅವನು ಒಮ್ಮೆಯೂ ಇದನ್ನು ತಪ್ಪಿಸಿರಲಿಲ್ಲ.

ಈ ಸಲ ಹನ್ನೊಂದು ಗುರುತುಗಳು ಎದ್ದು ಬಂದಿದ್ದವು. ರಂಗದ ನಟ್ಟನಡುವಿನದು, ಕೊನೆಯ ಹಾಡಿನದು, ಏಳಲಿಲ್ಲ. ಉಳಿಯ ಬಾಯಿ ಮುರಿಯಿತು. ಬಿಸಿನೀರು ಹೊಯ್ದರೆ ಸುಟ್ಟ ಕೂದಲಿನ ವಾಸನೆ ಎದ್ದಿತು. ಆ ಒಂದು ಹಲಗೆಗೆ ಮಾತ್ರ ಹೊಸ ಮೊಳೆಗಳಿದ್ದವು, ಅಜ್ಜ ಹೊಡೆದವಲ್ಲ. ಅವನಿಗೆ ಅರ್ಥವಾಗಿತ್ತು. ಆದರೆ ಅನ್ನ ಕೊಡುವ ಯಜಮಾನನ ಮೇಲೆ ಬೆರಳು ತೋರಿಸುವುದು ಹೇಗೆ? ನಿಲ್ಲಬೇಡ ಎಂದಷ್ಟೇ ಹೇಳಿದ.

ನಾಟಕ ಮೊದಲೇ ಕುಂಟುತ್ತಿತ್ತು. ದಡದಲ್ಲಿ ನಿಂತು ದೋಣಿ ಕಾಯುವ ಹೆಣ್ಣಿನ ಕತೆ. ಮಾತಿಗಿಂತ ಹಾಡೇ ಹೆಚ್ಚು. ಹಾಡು ಚೆನ್ನಾಗಿದ್ದವು, ಜನ ಬರಲಿಲ್ಲ. ಆರುನೂರು ಕುರ್ಚಿಯಲ್ಲಿ ಅರವತ್ತು ತುಂಬಿದರೆ ಪುಣ್ಯ. ಅಷ್ಟರಲ್ಲಿ ನಾಯಕಿಯಾಗಿದ್ದ ಅಕ್ಕ, ಇನ್ನೂ ಒಂದು ತಿಂಗಳ ಆಟ ಬಾಕಿ ಇರುವಾಗಲೇ, ಬಿಟ್ಟು ಊರಿಗೆ ಹೋಗಿಬಿಟ್ಟಳು. ಹೋದ ಮೇಲೆ ತಂಗಿಗೆ ಫೋನು ಮಾಡಿದಳು. "ಕಾಲು ಯಾಕೋ ನನ್ನ ಮಾತು ಕೇಳ್ತಿಲ್ಲ ಕಣೇ. ಪಾತ್ರ ನಿನಗೆ ಕೊಡಿ ಅಂದಿದ್ದೀನಿ. ನನ್ನ ಗುರುತು ಒಂದೂ ಉಳಿಸ್ಬೇಡ. ಹೊಸದು ಹಾಕಿಸ್ಕೋ."

ತಂಗಿಗೆ ಆ ಮಾತಿನಲ್ಲಿ ಹೊಟ್ಟೆಕಿಚ್ಚು ಕೇಳಿಸಿತು. "ಹೋಗೋವಾಗ್ಲೂ ನಿಂತ ಜಾಗಾನ ಚಾಪೆ ಥರ ಸುತ್ಕೊಂಡು ಹೋಗ್ಬೇಕು ಅವಳಿಗೆ," ಎಂದು ಮುಖಕ್ಕೆ ಬಣ್ಣ ಹಚ್ಚುವ ಹೆಂಗಸಿನ ಹತ್ತಿರ ಹೇಳಿ ನಕ್ಕಳು. ಅವತ್ತೇ ಮಧ್ಯಾಹ್ನ ಮೂರಕ್ಕೆ ಆಟ. ಒಣಗಿಸಲು ದಿನ ಎಲ್ಲಿದೆ? ಅವಳು ಅಜ್ಜನ ಕಣ್ಣೆದುರಿಗೇ ನಡುಗುರುತಿನ ಮೇಲೆ ನಿಂತಳು. ಎರಡು ಸಲ ಕಾಲು ಬಡಿದಳು.

"ನೋಡು ಅಜ್ಜ. ಇನ್ಮೇಲೆ ಈ ಜಾಗ ನಂದು."

ಹಲಗೆಯ ಅಡಿಯಿಂದ, ಸ್ವಲ್ಪ ತಡೆದು, ಯಾರೋ ಎರಡು ಸಲ ಬಡಿದರು. ಅಜ್ಜ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಇಲಿ ಇರಬೇಕು ಎಂದಳು ತಂಗಿ.

ಹೊರಗೆ ಸುಡುವ ಬಿಸಿಲಿದ್ದರೂ ಆ ನಾಟಕಶಾಲೆಯ ಒಳಗೆ ಕತ್ತಲೆ ಕದಲುತ್ತಿರಲಿಲ್ಲ. ಹಳೆಯ ಮಖಮಲ್ಲು, ಬೆವರು, ಅಂಟು, ಬಣ್ಣದ ಎಣ್ಣೆ, ಎಲ್ಲ ಕಲೆತ ವಾಸನೆ ಗಂಟಲಿಗೆ ಅಂಟುತ್ತಿತ್ತು. ಕೊನೆಯ ಹಾಡಿಗೆ ಎಲ್ಲ ದೀಪ ಆರಿಸಿ ಒಂದನ್ನು ಉಳಿಸುತ್ತಾರೆ. ಎಡ ಹಿಮ್ಮಡಿ ಎತ್ತಿ, ದೂರದ ದೋಣಿ ನೋಡುವವಳ ಹಾಗೆ ಕತ್ತು ಚಾಚಿ ನಿಲ್ಲಬೇಕು. ತಂಗಿ ನಿಂತಳು, ಹಾಡಿದಳು. ಅವಳು ಅಷ್ಟು ಚೆನ್ನಾಗಿ ಎಂದೂ ಹಾಡಿರಲಿಲ್ಲ. ಹಾಡು ಮುಗಿದು ಸರಿಯಬೇಕಾದಾಗ ಕಾಲು ಬರಲಿಲ್ಲ. ನಾಲ್ಕು ತಾಳ. ಆಮೇಲೆ ಬಂತು. ಕೆಸರಿನಿಂದ ಎತ್ತಿದ ಹಾಗೆ ಬಂತು.

ಮಾರನೆಯ ದಿನ ಪರದೆ ಬಿದ್ದು ಜನ ಹೊರಟ ಮೇಲೂ ಕಾಲು ಏಳಲಿಲ್ಲ. ವಾದ್ಯದವರು ಪೆಟ್ಟಿಗೆ ಕಟ್ಟುತ್ತಾ, "ಏನಮ್ಮಾ, ಚಪ್ಪಾಳೆ ಸಾಲಲಿಲ್ವಾ?" ಎಂದು ರೇಗಿಸಿದರು. ಅವಳೂ ನಕ್ಕಳು. ನಗುತ್ತಲೇ ಎರಡೂ ಕೈಯಿಂದ ಕಾಲನ್ನು ಹಿಡಿದು ಎಳೆದು ಬಿಡಿಸಿಕೊಂಡಳು. ಮೂರನೆಯ ದಿನ ಬೆಳಿಗ್ಗೆ ನಲ್ಲಿಯ ಮುಂದೆ ಹಲ್ಲುಜ್ಜುತ್ತಾ ಕೆಳಗೆ ನೋಡಿದಳು. ಮೈ ಗೋಡೆಯ ಕಡೆಗಿತ್ತು. ಪಾದ ಎರಡೂ ಬಾಗಿಲ ಕಡೆಗೆ, ನಾಟಕಶಾಲೆಯ ದಾರಿಗೆ ತಿರುಗಿದ್ದವು. ಎಡ ಹಿಮ್ಮಡಿ ತಾನಾಗಿ ಎದ್ದಿತ್ತು.

ಅಕ್ಕ ದಿನಾ ಫೋನು ಮಾಡುತ್ತಿದ್ದಳು. ತಂಗಿ ಎತ್ತಲಿಲ್ಲ. ಎತ್ತಿದರೆ ಹೇಗಿದೆ ಎಂದು ಕೇಳುತ್ತಾಳೆ. ಸೋತೆ ಎಂದು ಒಪ್ಪಬೇಕಾಗುತ್ತದೆ. ಅದಕ್ಕಿಂತ ಕಾಲು ನೋಯಲಿ.

ಶುಕ್ರವಾರ ಯಜಮಾನ ಗೋಡೆಗೆ ಚೀಟಿ ಅಂಟಿಸಿದ. ಭಾನುವಾರವೇ ಕೊನೆಯ ಆಟ, ನಾಟಕ ಮುಚ್ಚುತ್ತಿದೆ. ಎಲ್ಲರೂ ನಿಟ್ಟುಸಿರು ಬಿಟ್ಟರು. ಅಜ್ಜನ ಮುಖ ಮಾತ್ರ ಬೂದಿಯಾಯಿತು. ತಂಗಿಯನ್ನು ಮರದ ಸಾಮಾನಿನ ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿದ.

"ನಿಮ್ಮಕ್ಕ ಹೋಗಬಾರದು ಅಂತ ಯಜಮಾನ ಮಾಟ ಮಾಡಿಸಿದಾನೆ ತಾಯಿ. ಅವಳ ಕಾಲಡಿ ಧೂಳು, ಬಾಚಣಿಗೆ ಕೂದಲು, ಆ ಹಲಗೆ ಅಡಿಯಲ್ಲಿ ಹೂತಿದಾರೆ. ಆಟ ಇರೋತನಕ ಕಾಲು ಇಲ್ಲೇ ಇರಬೇಕು ಅಂತ ಕಟ್ಟು. ಅದು ಪೂರ್ತಿ ಬಿಗಿಯೋ ಮುಂಚೆ ಅವಳು ಓಡಿದಳು. ನೀನು ಬಂದು ಜಾಗ ನಂದು ಅಂದೆ."

"ಆಟ ಮುಗಿದ್ರೆ ಬಿಟ್ಟುಹೋಗುತ್ತಲ್ಲ?"

"ಅದೇ ತಪ್ಪಾಗಿರೋದು. ಕೊನೇ ಪರದೆ ಬಿದ್ದಾಗ ಆಟದ ಜೊತೆ ಕಟ್ಟಿದ ಜೀವಾನೂ ನಿಲ್ಲುತ್ತೆ."

ಅವಳಿಗೆ ನಗು ಬರಲಿಲ್ಲ. ಏನಾದರೂ ದಾರಿ ಇದೆಯೇ ಎಂದಳು.

"ಹಲಗೇನೇ ಕೊಯ್ದು ಬೀಳಿಸಬಹುದು. ನೀನು ಮೇಲೆ ನಿಂತಿರೋವಾಗ್ಲೇ ಕೊಯ್ಯಬೇಕು. ನೀನು ಉಳೀತೀಯ." ಅಜ್ಜ ಗರಗಸದ ಹಲ್ಲಿನ ಮೇಲೆ ಬೆರಳಾಡಿಸಿದ. "ಆದ್ರೆ ಧೂಳು ಯಾರದ್ದೋ, ಕಟ್ಟು ಅವರಿಗೇ ವಾಪಸ್ ಹೋಗುತ್ತೆ."

"ಬೇಡ," ಎಂದಳು ತಂಗಿ. "ಅವಳು ನನ್ನ ಅಕ್ಕ."

ಅಜ್ಜ ತಲೆ ಆಡಿಸಿದ. ಆದರೂ ಗರಗಸಕ್ಕೆ ಎಣ್ಣೆ ಹಚ್ಚಿಟ್ಟ.

ಶನಿವಾರ ಅವಳು ಯಜಮಾನನ ಕೋಣೆಗೆ ಹೋದಳು. ಅವನು ಕುರ್ಚಿಯಿಂದ ಏಳಲಿಲ್ಲ. ಮಾಟ ಮಾಡಿದವನು ಕಳೆದ ವಾರ ಸತ್ತುಹೋದ, ಬಿಡಿಸಲು ತನಗೆ ಬರುವುದಿಲ್ಲ, ಆಟ ಮುಂದುವರಿಸಲು ದುಡ್ಡೂ ಇಲ್ಲ ಎಂದ. ನಿದ್ದೆ ಇಲ್ಲದ ಕಣ್ಣು ಅವನದೂ.

"ಅಕ್ಕನಿಗೆ ಇದು ಗೊತ್ತಿತ್ತಾ?"

ಯಜಮಾನ ಕಿಟಕಿಯ ಕಡೆ ನೋಡಿದ. "ಗೊತ್ತಿಲ್ದೆ ಓಡ್ತಾಳಾ? ಅವಳಿಗೆ ಬದಲು ಒಬ್ಬರು ಬೇಕಿತ್ತು. ಅವಳೇ ನಿನ್ನ ಹೆಸರು ಕೊಟ್ಟಿದ್ದು."

ಹೆಸರು ಕೊಟ್ಟದ್ದು ನಿಜ. ಉಳಿದದ್ದು ಸುಳ್ಳು. ಆದರೆ ಅರ್ಧ ನಿಜ ಇಡೀ ಸುಳ್ಳಿಗಿಂತ ಆಳಕ್ಕೆ ಇಳಿಯುತ್ತದೆ. ತಂಗಿ ಮೆಟ್ಟಿಲ ಮೇಲೆ ಕುಳಿತು ಅಕ್ಕನಿಗೆ ಫೋನು ಮಾಡಿದಳು. ಬಡಿಯಿತು. ಎತ್ತಲಿಲ್ಲ. ಹತ್ತು ಸಲ ಮಾಡಿದಳು. ಎಲ್ಲೋ ದೂರದಲ್ಲಿ ಅದು ಬಡಿದೂ ಬಡಿದೂ ಸುಮ್ಮನಾಯಿತು.

ಭಾನುವಾರ ರೂಮಿಗೆ ಒಳಗಿನಿಂದ ಬೀಗ ಹಾಕಿ, ಬೀಗದಕೈಯನ್ನು ಕಿಟಕಿಯಾಚೆ ಎಸೆದಳು. ಮಂಚದ ಕಂಬಿ ಹಿಡಿದು ಕುಳಿತಳು. ಎರಡು ಗಂಟೆಗೆ ಕಾಲು ಎದ್ದವು. ಕೈ ಕಂಬಿಯನ್ನು ಬಿಡಲಿಲ್ಲ. ಕಾಲು ಮಂಚವನ್ನೇ ಬಾಗಿಲತನಕ ಎಳೆದುಕೊಂಡು ಹೋದವು. ಬಾಗಿಲನ್ನು ಒದ್ದು ಮುರಿದವು, ಕೈ ಕಂಬಿಯಿಂದ ಜಾರಿತು. ತನ್ನ ಕಾಲಿಗೆ ಅಷ್ಟು ಬಲವಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಬೀದಿಯಲ್ಲಿ ಜನ ಹಣ್ಣು ಕೊಳ್ಳುತ್ತಿದ್ದರು, ಬಸ್ಸಿಗೆ ಕಾಯುತ್ತಿದ್ದರು. ಅವರ ನಡುವೆ ಅವಳು ಅಳುತ್ತಾ ನೆಟ್ಟಗೆ ನಡೆದಳು.

ಕೊನೆಯ ಆಟಕ್ಕೆ ಮೂವತ್ತು ಜನ ಇದ್ದರೋ ಏನೋ. ಪಾತ್ರಗಳು ಬಂದವು, ಹೋದವು. ದೀಪಗಳು ಆರಿದವು. ಒಂದು ಉಳಿಯಿತು. ತಂಗಿ ಗುರುತಿನ ಮೇಲೆ ನಿಂತಳು. ಹಿಮ್ಮಡಿ ಎದ್ದಿತು. ಹಾಡು ಶುರುವಾಯಿತು.

ಸುಟ್ಟ ಕೂದಲಿನ ವಾಸನೆ. ಹಸಿಮಣ್ಣಿನ ವಾಸನೆ. ಕಾಲ್ಬೆರಳ ಉಗುರುಗಳು ಹಲಗೆಯ ಬಣ್ಣಕ್ಕೆ ತಿರುಗುತ್ತಿದ್ದವು. ಮರದ ಗೆರೆಗಳು ಪಾದದ ಮೇಲೆ ಹತ್ತಿ, ಕಾಲ್ಗಂಟು ದಾಟಿ, ಮೇಲಕ್ಕೆ ಬರುತ್ತಿದ್ದವು. ನೋವಿಲ್ಲ. ನೋವಿಲ್ಲದ್ದೇ ಭಯ. ರಂಗದ ಪಕ್ಕದಲ್ಲಿ ಯಜಮಾನ ಪರದೆಯ ಹಗ್ಗ ಹಿಡಿದು ನಿಂತಿದ್ದ. ಹಲಗೆಯ ಸಂದಿನಿಂದ ಪಿಸುಮಾತು ಬಂತು.

"ತಾಯಿ. ನಾನು ಕೆಳಗೇ ಇದೀನಿ. ಹೇಳು."

ಅವಳು ಹಾಡಿದಳು. ಮೊಣಕಾಲು ಮರವಾಯಿತು. ತೊಡೆ ಮರವಾಗುತ್ತಿತ್ತು. ಎರಡು ಸಾಲು ಉಳಿದಿತ್ತು. ಕಣ್ಣಿಗೆ ಅಕ್ಕ ಬಂದಳು; ಬಾಗಿಲು ಹಾಕಿಕೊಂಡು, ಕಾಲು ಚಾಚಿ, ನಿಶ್ಚಿಂತೆಯಿಂದ ಮಲಗಿರುವ ಅಕ್ಕ.

ಒಂದು ಸಾಲು.

"ಕೊಯ್ಯಿ," ಎಂದಳು.

ಗರಗಸ ಕಚ್ಚಿತು. ಹಲ್ಲು ಜುಮ್ಮೆನ್ನಿಸುವ ಸದ್ದು. ಅದೇ ಹೊತ್ತಿಗೆ ಎದುರಿನ ಬಾಗಿಲು ತೆರೆಯಿತು. ಬಿಸಿಲಿನ ಒಂದು ಸೀಳು. ಯಾರೋ ಓಡಿಬಂದರು. ಕುಂಟುತ್ತಾ ಓಡಿಬಂದರು. ಕುರ್ಚಿಗಳ ನಡುವೆ, ಹೆಗಲಲ್ಲಿ ಚೀಲ, ಕೆದರಿದ ಕೂದಲು, ನಿನ್ನೆಯಿಂದ ಬಸ್ಸಿನಲ್ಲಿ ಕುಳಿತು ಮುದುಡಿದ ಸೀರೆ.

"ಇಳಿಯೇ! ಬಣ್ಣ ಹಚ್ಚೋಳು ನಿನ್ನ ಕಾಲಿನ ವಿಷ್ಯ ಎಲ್ಲ ಹೇಳಿದ್ಳು. ನಾನು ಬಂದೆ. ನಾನು ನಿಲ್ತೀನಿ. ನೀನು ಇಳಿ."

ಅಕ್ಕ.

ತಂಗಿ ಬೇಡ ಎಂದು ಕೂಗಿದಳು. ಕೂಗು ಹಾಡಿನ ಸ್ವರವಾಗಿ ಹೊರಬಂತು. ವಾದ್ಯ ಏರಿತು. ಅಜ್ಜನಿಗೆ ಕೇಳಿಸಲಿಲ್ಲ. ಗರಗಸ ಎಳೆಯಿತು. ಇನ್ನೊಮ್ಮೆ ಎಳೆಯಿತು. ಹಲಗೆ ಬಿತ್ತು. ತಂಗಿ ಹಿಂದಕ್ಕೆ ಉರುಳಿದಳು. ಕಾಲು ಅವಳದಾಗಿತ್ತು. ಬಿಸಿಯಾಗಿತ್ತು. ನೋಯುತ್ತಿತ್ತು.

ಮೂರನೆಯ ಸಾಲಿನ ಹತ್ತಿರ ಅಕ್ಕ ನಿಂತಿದ್ದಳು. ಓಡುತ್ತಿದ್ದವಳು ಹಾಗೆಯೇ ನಿಂತಿದ್ದಳು. ಎಡ ಹಿಮ್ಮಡಿ ಎತ್ತಿ, ಕತ್ತು ಚಾಚಿ.

ಮೂವತ್ತು ಜನ ಚಪ್ಪಾಳೆ ತಟ್ಟಿದರು. ಇಡೀ ನಾಟಕದಲ್ಲಿ ಮೊದಲ ಸಲ ಮನಸಾರೆ ತಟ್ಟಿದರು. ಯಜಮಾನ ಹಗ್ಗ ಸಡಿಲಿಸಿದ. ಪರದೆ ಇಳಿಯತೊಡಗಿತು. ಅದು ಇಳಿದಷ್ಟೂ ಅಕ್ಕನ ಕಣ್ಣಿನ ಹೊಳಪು ಆರುತ್ತಿತ್ತು.

ತಂಗಿ ಎದ್ದಳು. ರಂಗದ ಅಂಚಿಗೆ ಬಂದಳು. ಹಾಡಿದಳು. ಕೊನೆಯ ಹಾಡನ್ನೇ, ಮೊದಲ ಸಾಲಿನಿಂದ.

ಅಕ್ಕನ ಎದೆ ಒಮ್ಮೆ ಎದ್ದು ಇಳಿಯಿತು. ಅಜ್ಜ ನೆಲದಡಿಯಿಂದ ಹತ್ತಿ ಬಂದು, ಅಕ್ಕನನ್ನು ನೋಡಿದ. ಗರಗಸ ಹಿಡಿದುಕೊಂಡೇ ಹೋಗಿ ಯಜಮಾನನ ಕೈಯಿಂದ ಹಗ್ಗ ತೆಗೆದುಕೊಂಡ. ಅರ್ಧ ಇಳಿದ ಪರದೆ ಅಲ್ಲೇ ನಿಂತಿತು.

ಹಾಡು ಮುಗಿಯಿತು. ತಂಗಿ ಮತ್ತೆ ಶುರುಮಾಡಿದಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರನೆಯ ಸಲಕ್ಕೆ ಒಬ್ಬೊಬ್ಬರಾಗಿ ಎದ್ದರು. ವಾದ್ಯದವರು ತಾಳ ಬಿಟ್ಟರು. ಗಂಟಲು ಒಡೆಯಿತು. ನೀರು ಕೊಡಲು ಬಂದವರನ್ನು ಅವಳು ಕೈಸನ್ನೆಯಲ್ಲೇ ತಡೆದಳು. ಸಾಲು ಸಾಲಿನ ನಡುವೆ ಅವಳು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಅಕ್ಕನ ಉಸಿರು ನಿಲ್ಲುತ್ತಿತ್ತು. ಅವಳು ಹಾಡಿದರೆ ಬರುತ್ತಿತ್ತು.

ಬಾಗಿಲು ಕೊನೆಯ ಸಲ ಮುಚ್ಚಿಕೊಂಡಿತು. ತಂಗಿ ಉಸಿರನ್ನು ಆದಷ್ಟು ಚಿಕ್ಕದಾಗಿ ಎಳೆದುಕೊಂಡು ಮತ್ತೆ ಮೊದಲ ಸಾಲಿಗೆ ಬಂದಳು.