ಮಾನ್ಯಳ ಕೈಗೆ ಬಂದ ಸೌಟು

"ಲೇ ಭೀಮ, ಇಷ್ಟೇನಾ ಆಕೋದು? ಇದು ಅನ್ನಾನಾ, ಅಕ್ಷತೆನಾ?"

ಮಾನ್ಯ ತಟ್ಟೆ ಎತ್ತಿ ತೋರಿಸಿದಳು. ಬಿಸಿಯೂಟದ ಸಾಲಿನಲ್ಲಿ ಕೂತಿದ್ದ ಮಕ್ಕಳು ಕಿಸಕ್ಕನೆ ನಕ್ಕರು.

ಭೀಮ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ತಿನ್ನು, ಮತ್ತೆ ಬತ್ತೀನಿ" ಎಂದು ಪಕ್ಕದ ತಟ್ಟೆಗೆ ಬಗ್ಗಿದ.

ಎಲ್ಲಕ್ಕೂ ಕಾರಣ ಒಂದು ಬಕೆಟ್. ಶಾಂತಕುಮಾರಿ ಮಿಸ್ ಅದನ್ನು ನಲ್ಲಿಯ ಪಕ್ಕ ಇಟ್ಟಿದ್ದರು. ತಟ್ಟೆಯಲ್ಲಿ ಮಿಕ್ಕಿದ್ದನ್ನೆಲ್ಲ ಅದಕ್ಕೇ ಸುರಿಯಬೇಕು. "ನಾವು ಎಷ್ಟು ಚೆಲ್ತೀವಿ ಅಂತ ನಮಗೇ ಕಾಣ್ಲಿ" ಎಂದಿದ್ದರು. ಮೊದಲ ದಿನ ಬಕೆಟ್ ಅರ್ಧ ತುಂಬಿತು. ಮಿಸ್ ಮುಖ ಪೂರ್ತಿ ಬಾಡಿತು.

ಆಮೇಲೆ ಮಿಸ್ ಒಂದು ಪಂದ್ಯ ಹೂಡಿದರು. ಐದನೇ ಕ್ಲಾಸಿನವರು ದಿನಕ್ಕೊಬ್ಬರಂತೆ ಅನ್ನ ಬಡಿಸಬೇಕು. ಯಾರು ಬಡಿಸಿದ ದಿನ ಬಕೆಟ್ ಖಾಲಿ ಉಳಿಯುತ್ತದೋ ಅವರೇ ಊಟದ ಲೀಡರ್. ಲೀಡರಿಗೆ ಹಸಿರು ಬ್ಯಾಡ್ಜ್, ಎಲ್ಲರ ಸರದಿ ಮುಗಿದ ಮೇಲೆ ದಿನಾ ಬಡಿಸುವುದೂ ಅವರೇ. ಸಾಂಬಾರು ಸುಡುತ್ತದೆ, ಅದನ್ನು ಮಾತ್ರ ಅಡುಗೆಯ ಹೊನ್ನಕ್ಕನೇ ಬಡಿಸುತ್ತಾಳೆ.

ಇವತ್ತು ಭೀಮನ ಸರದಿ. ಊಟ ಮುಗಿದಾಗ ಬಕೆಟ್‌ನಲ್ಲಿ ಇದ್ದದ್ದು ಬರೀ ಕರಿಬೇವಿನ ಎಲೆ.

"ಏನ್ ಕೈಗುಣ ಮಿಸ್ಸೂ ಈ ಮಗಂದು!" ಎಂದಳು ಹೊನ್ನಕ್ಕ.

ಮಾನ್ಯ ಕೂತಲ್ಲೇ ಕುದ್ದಳು. ಊಟಕ್ಕೆ ಕೂರುವಾಗ ಹೊಟ್ಟೆಯಲ್ಲಿ ಹಸಿವಿತ್ತು. ಏಳುವಾಗ ಕಿಚ್ಚು ಇತ್ತು. ಮಗ್ಗಿ ಹೇಳುವುದರಲ್ಲಿ ಅವಳು ಫಸ್ಟ್, ಮಿಮಿಕ್ರಿಯಲ್ಲೂ ಫಸ್ಟ್. ಹಾಗಿರುವಾಗ ಈ ಜಿಪುಣ ಭೀಮನಿಗೆ ಬ್ಯಾಡ್ಜಾ? ಇನ್ನು ಉಳಿದದ್ದು ನಾಳೆಯ ಅವಳ ಸರದಿ ಒಂದೇ.

ಸಂಜೆ ತಾತ ಚನ್ನಬಸವಯ್ಯನ ಮುಂದೆ ನಿಂತು, ಬೆನ್ನು ಬಗ್ಗಿಸಿ, ಕಣ್ಣು ಸಣ್ಣ ಮಾಡಿ, ಭೀಮನ ಹಾಗೆಯೇ ಆಡಿ ತೋರಿಸಿದಳು. "ತಿನ್ನು, ಮತ್ತೆ ಬತ್ತೀನಿ."

ತಾತ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಡ್ಸೋದು ಅಂದ್ರೆ ನಿಮ್ಮಜ್ಜೀದು ಕಣವ್ವ. ನೆಂಟ್ರು ಎಲೆಗೆ ಕೈ ಅಡ್ಡ ಇಟ್ರೆ ಬೆರಳ ಸಂದೀಲಿ ಆಕೋಳು. ಬೇಡ ಅಂದ್ರೆ ಬೇಕು ಅಂತ್ಲೇ ಅರ್ಥ! ನಮ್ಮನೇಲಿ ಉಂಡೋರು ಮೇಲೇಳೋಕೆ ಇನ್ನೊಬ್ರು ಕೈ ಕೊಡ್ಬೇಕಿತ್ತು."

ಸರಿ, ಮಾನ್ಯಳಿಗೆ ದಾರಿ ಸಿಕ್ಕಿತು. ಅಷ್ಟು ಪ್ರೀತಿಯಿಂದ ಬಡಿಸಿದರೆ ಯಾರಾದರೂ ಚೆಲ್ಲುತ್ತಾರಾ?

ಮರುದಿನ ಸೌಟು ಅವಳ ಕೈಗೆ ಬಂತು. ಒಂದು ತಟ್ಟೆಗೆ ಒಂದು ಗುಡ್ಡ.

"ಸಾಕು ಮಾನ್ಯಕ್ಕ, ಸಾಕು!"

"ಬೇಡ ಅಂದ್ರೆ ಬೇಕು ಅಂತ್ಲೇ ಅರ್ಥ ಕಣವ್ವ!" ತಾತನ ದಪ್ಪ ದನಿಯಲ್ಲಿ ಹೇಳಿ ಇನ್ನೊಂದು ಸೌಟು ಸುರಿದಳು. ಸಾಲಿಗೆ ಸಾಲೇ ಹೋ ಎಂದು ನಕ್ಕಿತು. ಒಂದನೇ ಕ್ಲಾಸಿನ ಪ್ರೇಕ್ಷಾ ಎರಡೂ ಅಂಗೈಗಳಿಂದ ತಟ್ಟೆ ಮುಚ್ಚಿಕೊಂಡಳು. ಮಾನ್ಯ ಬೆರಳ ಸಂದಿಯಲ್ಲೇ ಹಾಕಿದಳು. ಭೀಮನಿಗಂತೂ ಬೇಕೆಂದೇ ಎಲ್ಲರಿಗಿಂತ ದೊಡ್ಡ ಗುಡ್ಡ.

ಸ್ವಲ್ಪ ಹೊತ್ತಿಗೆ ನಲ್ಲಿಯ ಕಡೆಯಿಂದ ಸದ್ದು ಕೇಳತೊಡಗಿತು. ದಬ್. ದಬ್. ದಬ್.

ಮಾನ್ಯ ಓಡಿಹೋಗಿ ಬಗ್ಗಿ ನೋಡಿದಳು. ಬಕೆಟ್ ಕಂಠಮಟ್ಟ ತುಂಬಿತ್ತು.

"ಲೇ ಮಾನ್ಯ, ನಮಗಿಂತ ಬಕೆಟ್‌ಗೇ ಚೆನ್ನಾಗಿ ಬಡಿಸ್ಬುಟ್ಟೆ ಕಣೇ!" ಎಂದಳು ಅವಳ ಬೆಂಚಿನ ಧನುಶ್ರೀ. ಎಲ್ಲರೂ ನಕ್ಕರು. ಭೀಮ ಮಾತ್ರ ನಗಲಿಲ್ಲ. ಅವನ ಬಾಯಲ್ಲಿ ಜಾಗವೇ ಇರಲಿಲ್ಲ. ಕೆನ್ನೆ ಉಬ್ಬಿಸಿಕೊಂಡು ತನ್ನ ಗುಡ್ಡ ಕರಗಿಸುತ್ತಿದ್ದ. ಅವನೂ ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು.

ವರಾಂಡ ಖಾಲಿಯಾಗುತ್ತಾ ಬಂತು. ಪ್ರೇಕ್ಷಾ ಇನ್ನೂ ಕೂತೇ ಇದ್ದಳು. ಅವಳ ಕಣ್ಣು ತುಂಬಿತ್ತು.

"ಎದ್ದೋಗೇ, ಬೆಲ್ ಆಯ್ತು."

"ಆಗ್ತಿಲ್ಲ ಅಕ್ಕ. ಚೆಲ್ಲಿದ್ರೆ ಮಿಸ್ ಬೇಜಾರ್ ಮಾಡ್ಕತಾರೆ."

"ಬೇಡ ಅಂತ ಮೊದ್ಲೇ ಹೇಳೋದಲ್ವಾ?"

ಪ್ರೇಕ್ಷಾ ಎರಡೂ ಕೈ ಮುಂದೆ ಚಾಚಿದಳು. ಎಡಗೈಯ ಹಿಂಬದಿಯಲ್ಲಿ, ಬೆರಳ ಸಂದಿಗಳಲ್ಲಿ, ಅಗುಳು ಅಂಟಿ ಒಣಗಿತ್ತು.

ಮಾನ್ಯ ಬಗ್ಗಿ ಆ ಅಗುಳನ್ನು ಒಂದೊಂದಾಗಿ ಬಿಡಿಸಿದಳು.

ಬಡಿಸಿದವರು ಕೊನೆಗೆ ಉಣ್ಣಬೇಕು. ಅವಳದಿನ್ನೂ ಊಟ ಆಗಿರಲಿಲ್ಲ. ತನ್ನ ತಟ್ಟೆ ತಂದು ಪ್ರೇಕ್ಷಾಳ ಪಕ್ಕ ಕೂತಳು. "ನಿಂಗೆಷ್ಟು ಬೇಕು, ತೋರ್ಸು."

ಪ್ರೇಕ್ಷಾ ಬೆರಳಿನಿಂದ ಅನ್ನದಲ್ಲಿ ಒಂದು ಗೆರೆ ಎಳೆದಳು. ಗೆರೆಯ ಈಚೆ ಉಳಿದದ್ದು ಒಂದು ಮುಷ್ಟಿಯಷ್ಟು. ಆಚೆಯ ಮುಟ್ಟದ ಅನ್ನವನ್ನು ಮಾನ್ಯ ತನ್ನ ತಟ್ಟೆಗೆ ಎಳೆದುಕೊಂಡಳು. ಸಾಂಬಾರು ತಣ್ಣಗಾಗಿತ್ತು. ಇಬ್ಬರೂ ಹಾಗೆಯೇ ಉಂಡರು.

ಮಾರನೆಯ ದಿನ ಹಸಿರು ಬ್ಯಾಡ್ಜ್ ಭೀಮನ ಅಂಗಿಯ ಮೇಲಿತ್ತು. ಅದೂ ಸೊಟ್ಟಗೆ. 'ಚುಚ್ಕೊಳ್ಳೋಕೂ ಬರಲ್ಲ' ಎಂದುಕೊಂಡಳು ಮಾನ್ಯ. ಕಿಚ್ಚು ಪೂರ್ತಿ ಆರಿರಲಿಲ್ಲ.

ಆದರೂ ಅವಳ ಕಣ್ಣು ಅವನ ಹಿಂದೆಯೇ ಹೋಯಿತು. ಭೀಮ ಬಗ್ಗುತ್ತಿದ್ದ. ಮಕ್ಕಳ ಕೈ ನೋಡುತ್ತಿದ್ದ. ಕೈ ಅಲ್ಲಾಡಿತೋ, ಸೌಟು ಗಕ್ಕನೆ ನಿಲ್ಲುತ್ತಿತ್ತು. ಪ್ರೇಕ್ಷಾಳ ತಟ್ಟೆಗೆ ಬಿದ್ದದ್ದು ನಿನ್ನೆ ಗೆರೆಯ ಈಚೆ ಇದ್ದುದಕ್ಕಿಂತಲೂ ಕಮ್ಮಿ.

ಭೀಮ ಸಾಲಿನ ಕೊನೆ ಮುಟ್ಟಿದ್ದನಷ್ಟೆ, ಹಿಂದಿನಿಂದ ಕೂಗು ಬಂತು.

"ಭೀಮಣ್ಣಾ! ಇಲ್ಲಿ ಇನ್ನೊಂಚೂರು!"

ಪ್ರೇಕ್ಷಾ! ಮಂಡಿಯ ಮೇಲೆ ನಿಂತು ಖಾಲಿ ತಟ್ಟೆ ಎತ್ತಿ ಹಿಡಿದಿದ್ದಳು. ಅವಳ ಹಿಂದೆಯೇ ಇನ್ನೊಬ್ಬ ಕರೆದ. ಆಮೇಲೆ ಮತ್ತೊಬ್ಬಳು. ಭೀಮ ಸೌಟು ಹಿಡಿದು ಆ ಕಡೆ, ಈ ಕಡೆ ಓಡಿದ.

ಮಾನ್ಯಳ ತುತ್ತು ಕೈಯಲ್ಲೇ ನಿಂತಿತು. ನಿನ್ನೆ ಇಷ್ಟುದ್ದ ಸಾಲಿನಲ್ಲಿ ಒಬ್ಬರೂ ಅವಳನ್ನು ಎರಡನೇ ಸಲ ಕರೆದಿರಲಿಲ್ಲ.

ಅವಳು ತನ್ನ ತಟ್ಟೆ ನೋಡಿಕೊಂಡಳು. ಕೊನೆಯ ತುತ್ತು ತಿಂದಳು. ಇನ್ನೂ ಸ್ವಲ್ಪ ಹಸಿವಿತ್ತು.

"ಭೀಮಾ..." ಎಂದಳು ಮೆಲ್ಲಗೆ. "ನಂಗೂ ಒಂಚೂರು."