ಕಪ್ಪೆ ಬಟ್ಟಲುಗಳು

ನವೆಂಬರ್ ಐದರ ಬೆಳಗ್ಗೆ ಜಪಾನಿನ ಅರಿತಾ ಊರಿನ ಪೊಲೀಸ್ ಠಾಣೆಗೆ ದೂರು ಬಂತು. ಪಿಂಗಾಣಿ ಮನೆತನದ ಯಜಮಾನ, ಹದಿಮೂರನೆಯ ತೊಕುಯೆಮೊನ್, ಖುದ್ದಾಗಿ ಫೋನ್ ಮಾಡಿದ್ದರು. ಭಾನುವಾರ ಮಗ ಮನೆತನದ ಹೆಸರು ಹೊತ್ತು ಹದಿನಾಲ್ಕನೆಯ ತೊಕುಯೆಮೊನ್ ಆಗುವ ಸಮಾರಂಭ. ಅದಕ್ಕೆಂದು ಅವರು ಕೊಕ್ಕರೆಗಳನ್ನು ಚಿತ್ರಿಸಿದ್ದ ದೊಡ್ಡ ತಟ್ಟೆಯನ್ನು ಯಾರೋ ಒಡೆದಿದ್ದರು.

ಇನ್‌ಸ್ಪೆಕ್ಟರ್ ಇವನಾಗ ಅವರು ದೂರು ದಾಖಲಿಸಿಕೊಂಡು, ಕಾನ್‌ಸ್ಟೆಬಲ್ ಹಮಸಾಕಿಯೊಂದಿಗೆ ಯಜಮಾನರ ಮನೆಗೆ ಹೋದರು.

"ಯಾರ ಮೇಲಾದ್ರೂ ಅನುಮಾನ?"

"ಎತೊ, ನಮ್ ಹಳೇ ಕೆಲಸಗಾರ. ಕೆಲಸದಿಂದ ತೆಗೆದೆ ಅಂತ ಹೊಟ್ಟೆಉರಿ. ಅವನ್ದೇ ಕಿತಾಪತಿ," ಎಂದರು ಯಜಮಾನರು.

ಹಮಸಾಕಿ ವಿಚಾರಿಸಿದಳು. ಎತೊ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ.

ಮಹಜರು ನಡೆಯಿತು. ಬೀಗ ಮುರಿದಿರಲಿಲ್ಲ. ಸದ್ದಾಗದಂತೆ ತಟ್ಟೆಯನ್ನು ಹಾಸಿಗೆಯ ಮೇಲಿಟ್ಟು ಒಡೆಯಲಾಗಿತ್ತು. ಪಕ್ಕದ ಕಪಾಟಿನಲ್ಲಿದ್ದ ಚಹಾ ಬಟ್ಟಲುಗಳನ್ನು ಮಾತ್ರ ಯಾರೋ ಮೂಲೆಗೆ ಸರಿಸಿ, ಚೂರು ಸಿಡಿಯದಂತೆ ಬಟ್ಟೆ ಹೊದಿಸಿದ್ದರು. ಒಂದೊಂದರ ಮೇಲೂ ಒಂದೊಂದು ಹಸಿರು ಕಪ್ಪೆ. ಒಂದು ಆಕಳಿಸುತ್ತಿತ್ತು, ಇನ್ನೊಂದು ಕೊಡೆ ಹಿಡಿದಿತ್ತು.

"ಇವು ಯಾರು ಬರೆದಿದ್ದು?"

"ನನ್ ಮಗ. ಮಕ್ಕಳಾಟ. ಭಾನುವಾರದಿಂದ ಇದೆಲ್ಲ ಬಂದ್. ತೊಕುಯೆಮೊನ್ ಆದೋನು ಕಪ್ಪೆ ಬರೆಯಲ್ಲ."

ಇನ್‌ಸ್ಪೆಕ್ಟರ್ ಇವನಾಗ ಮಗನನ್ನು ಒಳಕೋಣೆಯಲ್ಲಿ ಕೂರಿಸಿದರು. ಮಿಚಿಹಿರೊಗೆ ಮೂವತ್ತೆಂಟು ದಾಟಿತ್ತು.

"ಬಟ್ಟಲು ಎತ್ತಿಟ್ಟಿದ್ದು ನೀವಾ?"

"ಹೂಂ."

"ತಟ್ಟೆ?"

"ಅದೂ ನಾನೇ ಸಾರ್. ಅಪ್ಪ ನನ್ ಕೈಗೆ ಕೊಡ್ಬೇಕಾಗಿದ್ದ ತಟ್ಟೆ. ಅದಿಲ್ದೆ ಸಮಾರಂಭ ನಡೆಯಲ್ಲ ಅಂದ್ಕೊಂಡೆ."

ಬಂಧಿಸಿ ಠಾಣೆಗೆ ಕರೆತಂದರು. ಹಮಸಾಕಿ ಹೆಸರು ಕೇಳಿದಾಗ ಅವನು "ಮಿಚಿಹಿರೊ" ಎಂದು ಸ್ಪಷ್ಟವಾಗಿ ಹೇಳಿದ. ಅವಳು ಬರೆಯುವುದನ್ನು ಬಗ್ಗಿ ನೋಡಿದ.

"ಬರೀ ಬಿರುದಲ್ಲ ಮೇಡಂ, ಕೋರ್ಟಲ್ಲೂ ಹೆಸರು ಬದಲಾಯಿಸ್ತಾರೆ. ಆಮೇಲೆ ನಮ್ಮಮ್ಮ ಇಟ್ಟಿದ್ದು ಎಲ್ಲೂ ಇರಲ್ಲ. ಸಾಯೋತನಕ ಕೊಕ್ಕರೆ."

"ಬೇಡ ಅಂತ ಅಪ್ಪಂಗೆ ಹೇಳ್ಬಹುದಿತ್ತಲ್ಲ?"

"ಹೇಳ್ದೆ. ಅವರೂ ಅವರಪ್ಪಂಗೆ ಹಾಗೇ ಹೇಳಿದ್ರಂತೆ. ನಕ್ಕುಬಿಟ್ರು."

ಮಧ್ಯಾಹ್ನ ಯಜಮಾನರು ಬಂದರು. "ದೂರು ವಾಪಸ್. ಮನೆ ವಿಷಯ. ಇನ್ನೊಂದು ತಟ್ಟೆ ಇದೆ." ದೂರಿಲ್ಲದೆ ಇಂಥ ಪ್ರಕರಣ ನಿಲ್ಲುವುದಿಲ್ಲ. ಇವನಾಗ ರುಜು ಹಾಕಿಸಿಕೊಂಡು ಲಾಕಪ್ಪಿನ ಬಾಗಿಲು ತೆರೆದರು.

"ಹೊರಡಿ, ಮಿಚಿಹಿರೊ ಅವರೇ."

ಅವನು ಏಳಲಿಲ್ಲ. "ಸ್ವಲ್ಪ ಹೊತ್ತು ಇಲ್ಲೇ ಇರ್ಲಾ ಸಾರ್?"

ಹೊರಗಿನಿಂದ ತಂದೆ ಕೂಗಿದರು: "ತೊಕುಯೆಮೊನ್! ಕಾರು ಕಾಯ್ತಿದೆ!"

ಇವನಾಗ ಬಾಗಿಲನ್ನು ಮತ್ತೆ ಎಳೆದುಕೊಂಡರು. ಬೀಗ ಹಾಕಲಿಲ್ಲ. ಕುರ್ಚಿಯೊಂದನ್ನು ತಂದು ಅದರ ಮುಂದೆ ಕೂತರು.